ರೇಡ್ ಬೇರೆ, ಬ್ಯಾಕಪ್ ಬೇರೆ

‘ಎರಡು ಡಿಸ್ಕ್ ಹಾಕಿ ರೇಡ್ 1 ಮಾಡಿದ್ದೇನೆ, ಇನ್ನು ಬ್ಯಾಕಪ್ ಯಾಕೆ?’ ಮನೆಯ ಕಂಪ್ಯೂಟರ್ ಜೋಡಿಸಿಕೊಳ್ಳುವವರಿಂದ ಈ ಮಾತು ಪದೇ ಪದೇ ಕೇಳಿಬರುತ್ತದೆ. ರೇಡ್ 1 ಎಂದರೆ ಒಂದೇ ಮಾಹಿತಿಯನ್ನು ಎರಡು ಡಿಸ್ಕುಗಳಲ್ಲೂ ಒಟ್ಟಿಗೇ ಬರೆದಿಡುವ ವ್ಯವಸ್ಥೆ. ರೇಡ್ ಮಾಡಿದ್ದು ಸರಿ, ಬ್ಯಾಕಪ್ ಬಿಟ್ಟಿದ್ದು ತಪ್ಪು. ತಪ್ಪು ಗೊತ್ತಾಗುವುದು ಫೈಲುಗಳು ಹೋದ ಮೇಲೆ, ಹಾಗಾಗಿ ಇದನ್ನು ಸ್ವಲ್ಪ ಖಡಕ್ಕಾಗಿಯೇ ಹೇಳಬೇಕಾಗುತ್ತದೆ.

ರೇಡ್ ಎಂಬ ಹೆಸರು ಬಂದದ್ದು 1987–88ರಲ್ಲಿ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕಾಟ್ಜ್ ತಮ್ಮ ಪ್ರಬಂಧದಲ್ಲಿ ‘ರಿಡಂಡಂಟ್ ಅರೇಸ್ ಆಫ್ ಇನ್‌ಎಕ್ಸ್‌ಪೆನ್ಸಿವ್ ಡಿಸ್ಕ್ಸ್’ ಎಂದು ಬರೆದರು, ಅದರ ಮೊದಲಕ್ಷರಗಳೇ ‘ರೇಡ್’. ದುಬಾರಿಯಾದ ಒಂದೇ ದೊಡ್ಡ ಡಿಸ್ಕಿನ ಬದಲು ಅಗ್ಗದ ಸಣ್ಣ ಡಿಸ್ಕುಗಳ ಸಾಲು ಬಳಸಬಹುದು ಎಂಬುದು ಅವರ ವಾದ. ಆದರೆ ಡಿಸ್ಕುಗಳು ಹೆಚ್ಚಿದಷ್ಟೂ ಅವುಗಳಲ್ಲಿ ಒಂದು ಕೆಡುವ ಸಂಭವವೂ ಹೆಚ್ಚುತ್ತದೆ. ಅದನ್ನು ತಾಳಿಕೊಳ್ಳಲು ಹೆಚ್ಚುವರಿ ಮಾಹಿತಿ ಬರೆದಿಡಬೇಕು, ‘ರಿಡಂಡಂಟ್’ ಬಂದದ್ದು ಅದಕ್ಕೇ. ಮುಂದೆ ಉದ್ಯಮದವರು ‘ಇನ್‌ಎಕ್ಸ್‌ಪೆನ್ಸಿವ್’ ತೆಗೆದು ‘ಇಂಡಿಪೆಂಡೆಂಟ್’ ಸೇರಿಸಿದರು. ‘ರಿಡಂಡಂಟ್’ ಮೂಲದಲ್ಲಿ ಲ್ಯಾಟಿನ್: ‘ಉಂಡ’ ಎಂದರೆ ಅಲೆ, ‘ರೆಡುಂಡಾರೆ’ ಎಂದರೆ ತುಂಬಿ ಹೊರಚೆಲ್ಲುವುದು. ಈ ಪದದಲ್ಲಿ ‘ಹೆಚ್ಚುವರಿ’ ಎಂಬ ಅರ್ಥವಿದೆ, ‘ಹಿಂದಿನದು’ ಎಂಬ ಅರ್ಥ ಎಲ್ಲೂ ಇಲ್ಲ. ಗೊಂದಲವೆಲ್ಲ ಇರುವುದು ಇಲ್ಲೇ.

ಅಂದಹಾಗೆ, ಆ ಪ್ರಬಂಧದಲ್ಲಿದ್ದದ್ದು ರೇಡ್ 1ರಿಂದ 5ರವರೆಗಿನ ಹಂತಗಳು, ಅಂದರೆ ಬಗೆಗಳು, ಮಾತ್ರ. ಮಾಹಿತಿಯನ್ನು ಡಿಸ್ಕುಗಳಿಗೆ ತುಂಡುತುಂಡಾಗಿ ಹಂಚಿ ಬರೆಯುವ ರೇಡ್ 0 ಆಮೇಲೆ ಸೇರಿಕೊಂಡದ್ದು. ಅದರಲ್ಲಿ ಹೆಚ್ಚುವರಿ ಪ್ರತಿಯೇ ಇಲ್ಲ, ಎರಡರಲ್ಲಿ ಯಾವ ಡಿಸ್ಕ್ ಹೋದರೂ ಎಲ್ಲವೂ ಹೋಯಿತು. ಅದನ್ನು ಸುರಕ್ಷತೆಯ ಮಾತಿಗೆ ತರಲೇಬೇಡಿ.

ರೇಡ್ 1 ಪ್ರತಿ ಬರಹವನ್ನೂ ಎರಡೂ ಡಿಸ್ಕಿಗೆ ಕಳಿಸುತ್ತದೆ. ಅಳಿಸುವುದೂ ಒಂದು ಬರಹವೇ. ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡೂ ಕಡೆ ಅಳಿಯುತ್ತದೆ. ರ್‍ಯಾನ್ಸಮ್‌ವೇರ್ ಫೈಲುಗಳಿಗೆ ಬೀಗ ಜಡಿದರೆ ಎರಡೂ ಪ್ರತಿಗೆ ಬೀಗ ಬೀಳುತ್ತದೆ. ಕೆಟ್ಟ ರ್‍ಯಾಮ್‌ನಿಂದ ತಪ್ಪು ಬೈಟ್ ಬಂದರೆ ಅದೂ ಎರಡು ಕಡೆ ಶ್ರದ್ಧೆಯಿಂದ ದಾಖಲಾಗುತ್ತದೆ. ಪವರ್ ಸಪ್ಲೈ ಸುಟ್ಟು ಹೆಚ್ಚು ವೋಲ್ಟೇಜ್ ಹರಿದರೆ ಒಂದೇ ಡಬ್ಬಿಯಲ್ಲಿರುವ ಎರಡೂ ಡಿಸ್ಕ್ ಒಟ್ಟಿಗೇ ಹೋಗಬಹುದು. ಬ್ಯಾಕಪ್ ಎನ್ನಿಸಿಕೊಳ್ಳಬೇಕಾದರೆ ಆ ಪ್ರತಿ ಹಿಂದಿನ ಯಾವುದೋ ದಿನದ್ದಾಗಿರಬೇಕು, ಬೇರೆ ಸಾಧನದಲ್ಲಿರಬೇಕು, ಸದಾ ಕಂಪ್ಯೂಟರಿಗೆ ಅಂಟಿಕೊಂಡಿರಬಾರದು. ರೇಡ್ 1ಕ್ಕೆ ಈ ಮೂರರಲ್ಲಿ ಒಂದೂ ಇಲ್ಲ.

ಹಾಗಾದರೆ ಅದರ ಕೆಲಸವೇನು? ಒಂದು ಡಿಸ್ಕ್ ಸತ್ತಾಗ ಯಂತ್ರ ನಿಲ್ಲದಂತೆ ನೋಡಿಕೊಳ್ಳುವುದು, ಅಷ್ಟೇ. ನಿಮ್ಮ ಕಂಪ್ಯೂಟರ್ ಒಂದು ದಿನ ನಿಂತರೂ ನಡೆಯುತ್ತದೆ ಎಂದಾದರೆ ಎರಡನೇ ಡಿಸ್ಕನ್ನು ಒಳಗೆ ಹಾಕಬೇಡಿ. ಯುಎಸ್‌ಬಿ ಡಬ್ಬಿಯಲ್ಲಿಟ್ಟು ವಾರಕ್ಕೊಮ್ಮೆ ಬ್ಯಾಕಪ್ ತೆಗೆದು ಕಳಚಿಡಿ. ಬ್ಯಾಕಪ್ ಇದ್ದು, ಮೇಲೆ ಇನ್ನೂ ಒಂದು ಡಿಸ್ಕ್ ಇದ್ದರೆ ಆಗ ರೇಡ್ 1.

ಅದಕ್ಕೆ ಡ್ರೈವ್ ಆರಿಸುವಾಗ ಸಿಎಂಆರ್ (ಟ್ರ್ಯಾಕುಗಳು, ಅಂದರೆ ಮಾಹಿತಿ ಬರೆಯುವ ಸಾಲುಗಳು, ಬೇರೆ ಬೇರೆಯಾಗಿರುವ ಬಗೆ) ಎಂದು ತಯಾರಕರು ಸ್ಪಷ್ಟವಾಗಿ ಬರೆದಿರುವುದನ್ನೇ ಕೊಳ್ಳಿ. ಎಸ್‌ಎಂಆರ್ ಡ್ರೈವಿನಲ್ಲಿ ಟ್ರ್ಯಾಕುಗಳು ಒಂದರ ಮೇಲೊಂದು ಹೊದ್ದಿರುತ್ತವೆ. ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕಾಗುವುದರಿಂದ ರೀಬಿಲ್ಡ್ ವೇಳೆ, ಅಂದರೆ ಬದಲಿ ಡಿಸ್ಕಿಗೆ ಎಲ್ಲವನ್ನೂ ಮತ್ತೆ ತುಂಬುವಾಗ, ವೇಗ ಕುಸಿಯುತ್ತದೆ. ನ್ಯಾಸ್‌ಗೆಂದೇ (ನೆಟ್‌ವರ್ಕಿನಲ್ಲಿ ಫೈಲು ಹಂಚಿಕೊಳ್ಳುವ ಡಿಸ್ಕ್ ಡಬ್ಬಿ) ಮಾರುತ್ತಿದ್ದ ರೆಡ್ ಸರಣಿಯ 2ರಿಂದ 6 ಟಿಬಿ ಡ್ರೈವುಗಳಲ್ಲೂ ಎಸ್‌ಎಂಆರ್ ಇದೆಯೆಂದು ವೆಸ್ಟರ್ನ್ ಡಿಜಿಟಲ್ 2020ರಲ್ಲಿ ಒಪ್ಪಿಕೊಂಡಿತು. ಹಾಗಾಗಿ ಪೆಟ್ಟಿಗೆಯ ಮೇಲೆ ‘ನ್ಯಾಸ್’ ಎಂದಿದ್ದರೆ ಸಾಲದು, ಮಾದರಿ ಸಂಖ್ಯೆ ನೋಡಬೇಕು. ಎರಡೂ ಡ್ರೈವ್ ಒಂದೇ ಬ್ಯಾಚಿನವಾಗದಿದ್ದರೆ ಒಳ್ಳೆಯದು. ಬೇರೆ ಕಂಪನಿಯದಾದರೆ ಪಾರ್ಟಿಷನ್ (ಡಿಸ್ಕಿನ ಭಾಗ) ಮಾಡುವಾಗ ಕೊನೆಯಲ್ಲಿ 100 ಎಂಬಿ ಖಾಲಿ ಬಿಡಿ. ಏಕೆಂದರೆ ನಾಳೆ ಬದಲಿ ತಂದ ಡ್ರೈವ್ ಕೆಲವೇ ಸೆಕ್ಟರ್ (ಡಿಸ್ಕಿನ ಪುಟ್ಟ ತುಂಡು) ಚಿಕ್ಕದಾಗಿದ್ದರೂ ರೇಡ್ ಅದನ್ನು ಸೇರಿಸಿಕೊಳ್ಳುವುದಿಲ್ಲ.

ಚೆನ್ನಾಗಿರುವ ಡ್ರೈವನ್ನೇ ರೇಡ್ ಹೊರಹಾಕಿತು ಎಂಬ ದೂರಿಗೆ ಕಾರಣ ಬಹುತೇಕ ಒಂದೇ. ಸಾಮಾನ್ಯ ಡೆಸ್ಕ್‌ಟಾಪ್ ಡ್ರೈವ್ ಕೆಟ್ಟ ಸೆಕ್ಟರ್ ಸಿಕ್ಕಾಗ ಒಂದೆರಡು ನಿಮಿಷದವರೆಗೂ ಮತ್ತೆ ಮತ್ತೆ ಓದಲು ನೋಡುತ್ತದೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಕಾಯುವುದು 30 ಸೆಕೆಂಡ್. ಆಮೇಲೆ ಸಂಪರ್ಕವನ್ನೇ ರೀಸೆಟ್ ಮಾಡುತ್ತದೆ, ಡ್ರೈವ್ ಹೊರಬೀಳುತ್ತದೆ. ನ್ಯಾಸ್ ಡ್ರೈವ್ ಸುಮಾರು 7 ಸೆಕೆಂಡಿಗೆ ಕೈಚೆಲ್ಲುವುದರಿಂದ ರೇಡ್ ಇನ್ನೊಂದು ಪ್ರತಿಯಿಂದ ಓದಿ ಆ ಸೆಕ್ಟರನ್ನು ಮತ್ತೆ ಬರೆಯುತ್ತದೆ. ಸ್ಮಾರ್ಟ್‌ಮಾನ್‌ಟೂಲ್ಸ್‌ನಲ್ಲಿ (ಡ್ರೈವ್ ಪರೀಕ್ಷಿಸುವ ಸಾಫ್ಟ್‌ವೇರ್) ಈ ಮಿತಿಯನ್ನು 70 ಎಂದು ಕೊಡಬಹುದು (ಒಂದು ಅಂಕಿಗೆ 0.1 ಸೆಕೆಂಡ್). ಎಷ್ಟೋ ಡ್ರೈವುಗಳು ಪವರ್ ಹೋದರೆ ಇದನ್ನು ಮರೆಯುತ್ತವೆ, ಆದ್ದರಿಂದ ಪ್ರತಿ ಬೂಟಿನಲ್ಲೂ ಕೊಡಬೇಕು. ಡ್ರೈವ್ ಒಪ್ಪದಿದ್ದರೆ ಲಿನಕ್ಸ್ ಕಾಯುವ ಅವಧಿಯನ್ನೇ 180 ಸೆಕೆಂಡಿಗೆ ಏರಿಸಿ.

ಮದರ್‌ಬೋರ್ಡಿನ ಸೆಟಪ್‌ನಲ್ಲಿ ಸಿಗುವ ರೇಡ್ ಬೇಡ. ಬೋರ್ಡ್ ಕೆಟ್ಟರೆ ಅದೇ ಬಗೆಯ ಇನ್ನೊಂದನ್ನು ಹುಡುಕಬೇಕಾಗಬಹುದು. ಲಿನಕ್ಸಿನ ಸಾಫ್ಟ್‌ವೇರ್ ರೇಡ್ ಲಿನಕ್ಸ್ ಇರುವ ಯಾವ ಯಂತ್ರಕ್ಕೆ ಒಯ್ದರೂ ತೆರೆಯುತ್ತದೆ. ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಇನ್ನೂ ಒಂದು ಹೆಜ್ಜೆ ಮುಂದೆ: ಎರಡು ಪ್ರತಿಗಳು ಹೊಂದದಿದ್ದಾಗ ಯಾವುದು ಸರಿ ಎಂದು ಚೆಕ್‌ಸಮ್ (ಮಾಹಿತಿಯಿಂದ ಲೆಕ್ಕಹಾಕಿಟ್ಟ ತಾಳೆ ಸಂಖ್ಯೆ) ನೋಡಿ ಹೇಳಬಲ್ಲದು. ಸಾದಾ ರೇಡ್ 1ಕ್ಕೆ ಅದು ತಿಳಿಯುವುದಿಲ್ಲ.

ಒಂದು ಡಿಸ್ಕ್ ಸತ್ತು ತಿಂಗಳುಗಳಾದರೂ ಯಾರೂ ಗಮನಿಸದಿರುವುದು ಮಾಮೂಲು, ಏಕೆಂದರೆ ಎಲ್ಲವೂ ನಡೆಯುತ್ತಲೇ ಇರುತ್ತದೆ. ಲಿನಕ್ಸಿನ ರೇಡ್ ಸ್ಥಿತಿಯ ಸಾಲಿನಲ್ಲಿ ಎರಡು ‘ಯು’ (U) ಇರಬೇಕಾದಲ್ಲಿ ಒಂದು ‘ಯು’, ಒಂದು ಅಡಿಗೆರೆ (_) ಕಂಡರೆ ನೀವು ಒಂಟಿ ಡಿಸ್ಕಿನ ಮೇಲಿದ್ದೀರಿ. ಇಮೇಲ್ ಎಚ್ಚರಿಕೆ ಹಾಕಿಕೊಳ್ಳಿ, ತಿಂಗಳಿಗೊಮ್ಮೆ ಪೂರ್ತಿ ಓದಿ ಪರೀಕ್ಷಿಸುವಂತೆ ಮಾಡಿ. ಡ್ರೈವುಗಳ ಸೀರಿಯಲ್ ನಂಬರನ್ನು ಹೊರಗೆ ಕಾಣುವಂತೆ ಚೀಟಿಯಲ್ಲಿ ಬರೆದು ಅಂಟಿಸಿ. ಗಾಬರಿಯಲ್ಲಿ ಒಳ್ಳೆಯ ಡ್ರೈವನ್ನೇ ಕಿತ್ತವರು ಬಹಳ.

ಬಳಕೆ ಶುರುಮಾಡುವ ಮೊದಲೇ ಯಂತ್ರ ಆಫ್ ಮಾಡಿ, ಒಂದು ಡ್ರೈವ್ ಕಳಚಿ, ಬೂಟ್ ಮಾಡಿ. ಕಳಚಿದ್ದನ್ನು ಮರಳಿ ರೇಡ್‌ಗೆ ಸೇರಿಸಿ, ರೀಬಿಲ್ಡ್ ಮುಗಿದ ಮೇಲೆ ಇನ್ನೊಂದನ್ನು ಕಳಚಿ ಹಾಗೆಯೇ ನೋಡಿ. ಎರಡರಲ್ಲಿ ಒಂದು ಸಲ ಯಂತ್ರ ಏಳದಿದ್ದರೆ ಬೂಟ್‌ಗೆ ಬೇಕಾದ ಇಎಫ್‌ಐ ಪಾರ್ಟಿಷನ್ ಬಹುಶಃ ಒಂದೇ ಡ್ರೈವಿನಲ್ಲಿದೆ ಎಂದರ್ಥ. ಇನ್ಸ್ಟಾಲರ್‌ಗಳು ಸಾಮಾನ್ಯವಾಗಿ ಅದನ್ನು ಒಂದು ಕಡೆ ಮಾತ್ರ ಬರೆಯುತ್ತವೆ. ಇನ್ನೊಂದು ಡ್ರೈವಿನಲ್ಲೂ ಅದೇ ಅಳತೆಯ ಪಾರ್ಟಿಷನ್ ಮಾಡಿ ನಕಲಿಸಿ, ಬೂಟ್‌ಲೋಡರ್ (ಯಂತ್ರವನ್ನು ಏಳಿಸುವ ಪ್ರೋಗ್ರಾಂ) ಅಪ್‌ಡೇಟ್ ಆದಾಗಲೆಲ್ಲ ಮತ್ತೆ ನಕಲಿಸಿ.