ಕೆಟ್ಟಿದೆಯೋ, ಅದೃಷ್ಟವೋ: ಸ್ಲಾಟ್ ಮಷಿನ್ ರಿಪೇರಿಯವರು ಕಲಿಯಬೇಕಾದ ಗಣಿತ

2016ರ ಆಗಸ್ಟ್ ತಿಂಗಳಲ್ಲಿ ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದ ಕ್ಯಾಸಿನೊ ಒಂದರಲ್ಲಿ ಮಹಿಳೆಯೊಬ್ಬರು ಆಡುತ್ತಿದ್ದ ಸ್ಲಾಟ್ ಮಷಿನ್ನಿನ (ದುಡ್ಡು ಹಾಕಿ ಗುಂಡಿ ಒತ್ತಿದರೆ ಚಿತ್ರಗಳು ತಿರುಗಿ ನಿಲ್ಲುವ ಜೂಜಿನ ಯಂತ್ರದ) ಪರದೆಯ ಮೇಲೆ 4,29,49,672.76 ಡಾಲರ್ ಎಂಬ ಮೊತ್ತ ಮೂಡಿತು. ಅವರು ಪರದೆಯೊಂದಿಗೆ ಸೆಲ್ಫಿ ತೆಗೆದುಕೊಂಡರು. ಮಷಿನ್ ಕೆಟ್ಟಿತ್ತು, ನಿಜವಾಗಿ ಗೆದ್ದಿರುವುದು 2.25 ಡಾಲರ್ ಮಾತ್ರ ಎಂಬ ಉತ್ತರ ಬಂತು. ಕ್ಯಾಸಿನೊದವರು ದುಡ್ಡು ನುಂಗಿಹಾಕಿದರು ಎಂದು ಹಲವರು ಸಿಟ್ಟಾದರು.

ಸಿಟ್ಟು ಸಹಜ. ಆದರೆ ಆ ಸಂಖ್ಯೆಯನ್ನೇ ಒಮ್ಮೆ ನೋಡಿ. ಸೆಂಟ್‌ಗಳಲ್ಲಿ ಬರೆದರೆ ಅದು 4,29,49,67,276. ಎರಡರ 32ನೇ ಘಾತ 4,29,49,67,296. ಎರಡಕ್ಕೂ ಇರುವ ಅಂತರ ಬರೀ 20. ಋಣ ಸಂಖ್ಯೆಗಳಿಗೆ ಜಾಗವೇ ಇಲ್ಲದ 32 ಬಿಟ್‌ಗಳ ಲೆಕ್ಕದ ಖಾನೆಯಲ್ಲಿ ಸೊನ್ನೆಯಿಂದ 20 ಕಳೆದರೆ, ಕೆಳಗಿಳಿಯಲು ಜಾಗವಿಲ್ಲದೆ ಲೆಕ್ಕ ಮೇಲಿನ ತುದಿಗೆ ಹಾರಿ, ಬರುವುದು ಇದೇ ಸಂಖ್ಯೆ, ಒಂದು ಸೆಂಟ್ ಕೂಡ ಹೆಚ್ಚುಕಡಿಮೆ ಇಲ್ಲದೆ. ಒಳಗೆ ಏನು ನಡೆಯಿತೆಂಬುದನ್ನು ತಪಾಸಣೆಯೇ ಹೇಳಬೇಕು ನಿಜ. ಆದರೂ ಈ ಮೊತ್ತದಲ್ಲಿ ಕಂಪ್ಯೂಟರಿನ ಬೆರಳಚ್ಚು ಅಷ್ಟು ಸ್ಪಷ್ಟವಾಗಿದೆ.

ಸ್ಲಾಟ್ ಮಷಿನ್ ರಿಪೇರಿ ಕಲಿಯುವವರ ಪಾಠದಲ್ಲಿ ನನಗೆ ಬಹಳ ಇಷ್ಟವಾಗುವುದು ಈ ಭಾಗ. ಸ್ಕ್ರೂಡ್ರೈವರ್, ಮಲ್ಟಿಮೀಟರ್ ಹಿಡಿಯುವುದನ್ನು ಯಾರು ಬೇಕಾದರೂ ಕಲಿಸಬಹುದು. ಕಣ್ಣ ಮುಂದಿನ ವಿಚಿತ್ರ ಫಲಿತಾಂಶ ಯಂತ್ರದ ದೋಷವೋ, ಆಕಸ್ಮಿಕದ ಸಹಜ ಏರಿಳಿತವೋ ಎಂದು ಬಿಡಿಸಿ ಹೇಳುವುದು ಬೇರೆಯದೇ ವಿದ್ಯೆ. ಟೆಕ್ನಿಷಿಯನ್‌ಗೂ ಅದು ಬೇಕು, ಫ್ಲೋರ್ ನೋಡಿಕೊಳ್ಳುವ ಮ್ಯಾನೇಜರ್‌ಗೂ ಬೇಕು. ಆಡುವ ಜನಕ್ಕಂತೂ ಎಲ್ಲರಿಗಿಂತ ಹೆಚ್ಚು ಬೇಕು.

ದಿನನಿತ್ಯದ ರಿಪೇರಿ ಬಹುಪಾಲು ಸಾದಾ ಕೆಲಸ. ನೋಟು ಒಳಗೆಳೆದುಕೊಳ್ಳುವ ಘಟಕದಲ್ಲಿ ಧೂಳು ಕೂತು ಸೆನ್ಸರ್ ಮಂಕಾಗುತ್ತದೆ, ಮಡಚಿದ ನೋಟು ಸಿಕ್ಕಿಕೊಳ್ಳುತ್ತದೆ, ಟಿಕೆಟ್ ಪ್ರಿಂಟರಿನ ಕಾಗದ ಮುಗಿಯುತ್ತದೆ. ಬೋರ್ಡು ಮುಟ್ಟುವ ಮೊದಲು ಮಣಿಕಟ್ಟಿಗೆ ಅರ್ತಿಂಗ್ ಪಟ್ಟಿ ಕಟ್ಟಿಕೊಳ್ಳಬೇಕು. ಮೈಯಲ್ಲಿನ ಸ್ಥಿರವಿದ್ಯುತ್ ಒಂದು ಚಿಪ್ ಸುಡಲು ಸಾಕು. ಬಾಗಿಲು ತೆಗೆದಾಗಲೆಲ್ಲ ಯಾರು, ಯಾವಾಗ, ಯಾಕೆ ತೆಗೆದರು ಎಂದು ಬರೆದಿಡಬೇಕು. ಇವೆಲ್ಲದಕ್ಕಿಂತ ಮುಖ್ಯವಾದ ಪಾಠ ಇನ್ನೊಂದಿದೆ: ಗೆಲುವಿನ ಬಗ್ಗೆ ತಕರಾರು ಎದ್ದ ಮಷಿನ್ನನ್ನು ಮುಟ್ಟಬಾರದು. ಆಫ್ ಮಾಡಿ ಆನ್ ಮಾಡುವ ನಮ್ಮ ಎಲ್ಲರ ಚಾಳಿ ಅಲ್ಲಿ ಸಲ್ಲದು. ಲಾಸ್ ವೇಗಸ್ ಇರುವ ಅಮೆರಿಕದ ನೆವಾಡಾದಲ್ಲಿ ತಕರಾರು 500 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನದಾದರೆ ಕ್ಯಾಸಿನೊ ತಕ್ಷಣ ರಾಜ್ಯದ ಗೇಮಿಂಗ್ ಕಂಟ್ರೋಲ್ ಬೋರ್ಡಿಗೆ ತಿಳಿಸಬೇಕೆಂಬುದು ಕಾನೂನು. ಮಷಿನ್ನಿನ ನೆನಪಿನಲ್ಲಿ ಉಳಿದ ಕಡೆಯ ಆಟಗಳ ವಿವರವೇ ಆಗ ಸಾಕ್ಷಿ. ಮೆಮೊರಿ ಅಳಿಸಿದರೆ ಸಾಕ್ಷಿ ಅಳಿಸಿದಂತೆ.

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. 1890ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದ ಚಾರ್ಲ್ಸ್ ಫೇ ಎಂಬ ಮೆಕ್ಯಾನಿಕ್, ಬವೇರಿಯಾದಿಂದ ವಲಸೆ ಬಂದವನು, ಮೂರು ರೀಲುಗಳ, ಅಂದರೆ ಚಿತ್ರಗಳಿರುವ ತಿರುಗುವ ಚಕ್ರಗಳ, 'ಲಿಬರ್ಟಿ ಬೆಲ್' ಯಂತ್ರ ಕಟ್ಟಿದ. ಒಂದೊಂದು ರೀಲಿನಲ್ಲಿ 10 ನಿಲುಗಡೆ, ಒಟ್ಟು 1,000 ಜೋಡಣೆ. ಮೂರೂ ರೀಲುಗಳಲ್ಲಿ ಗಂಟೆಯ ಚಿತ್ರ ಸಾಲಾಗಿ ಬಂದರೆ ದೊಡ್ಡ ಬಹುಮಾನ, 50 ಸೆಂಟ್. ಆ ಯಂತ್ರದಲ್ಲಿ ಕಂಡದ್ದೇ ನಿಜ: ಸ್ಪ್ರಿಂಗು, ಹಲ್ಲಿನ ಚಕ್ರ, ಬ್ರೇಕು ಸೇರಿ ರೀಲು ಎಲ್ಲಿ ನಿಲ್ಲುತ್ತದೋ ಅದೇ ಫಲಿತಾಂಶ. ಹಲ್ಲು ಸವೆದರೆ ಸಂಭವನೀಯತೆಯೇ ಬದಲಾಗುತ್ತಿತ್ತು. 'ಈ ಮಷಿನ್ ಕೊಡುತ್ತದೆ, ಆ ಮಷಿನ್ ಕೊಡುವುದಿಲ್ಲ' ಎಂಬ ಮಾತಿಗೆ ಅಂದು ಒಂದಿಷ್ಟು ಆಧಾರ ಇದ್ದೀತು.

1984ರ ಮೇ ತಿಂಗಳಲ್ಲಿ ಇಂಗೆ ಟೆಲ್ನೆಸ್ ಎಂಬವರಿಗೆ ಸಿಕ್ಕ ಅಮೆರಿಕದ ಪೇಟೆಂಟ್ ಆ ಆಧಾರವನ್ನು ಕಿತ್ತುಹಾಕಿತು. ಅವರ ಮುಂದಿದ್ದ ಸಮಸ್ಯೆ ಇದು. ಭಾರೀ ಜಾಕ್‌ಪಾಟ್ ಕೊಡಬೇಕಾದರೆ ಅದು ಬಲು ಅಪರೂಪಕ್ಕೆ ಬೀಳಬೇಕು. ಅದಕ್ಕೆ ರೀಲು ದೊಡ್ಡದಾಗಬೇಕು ಅಥವಾ ರೀಲುಗಳ ಸಂಖ್ಯೆ ಹೆಚ್ಚಬೇಕು. ಹಾಗೆ ಮಾಡಿದರೆ ಗೆಲ್ಲುವುದು ಕಷ್ಟವೆಂದು ಆಟಗಾರನಿಗೆ ಕಣ್ಣಿಗೇ ಕಾಣುತ್ತದೆ. ಟೆಲ್ನೆಸ್ ರೀಲನ್ನು ಹಾಗೆಯೇ ಬಿಟ್ಟು ಫಲಿತಾಂಶವನ್ನು ಅದರಿಂದ ಬೇರ್ಪಡಿಸಿದರು. ಕಂಪ್ಯೂಟರ್ ಯಾದೃಚ್ಛಿಕ ಸಂಖ್ಯೆ ಆರಿಸುತ್ತದೆ, ರೀಲು ಹೋಗಿ ಆ ಜಾಗದಲ್ಲಿ ನಿಂತು ತೋರಿಸುತ್ತದೆ. ಅಷ್ಟೇ ಅದರ ಕೆಲಸ.

ಊರಿನ ಲಕ್ಕಿ ಡಿಪ್ ಡಬ್ಬಿಯನ್ನು ನೆನೆಸಿಕೊಳ್ಳಿ. ರೀಲಿನ ಮೇಲೆ ಕಾಣುವ ಮನೆಗಳು 22, ಡಬ್ಬಿಯಲ್ಲಿರುವ ಚೀಟಿಗಳು 64. ಏಳರ ಚಿತ್ರ ಇರುವ ಮನೆಗೆ ಒಂದೇ ಚೀಟಿ. ಅದರ ಮೇಲಿನ ಖಾಲಿ ಮನೆಗೆ ಆರು, ಕೆಳಗಿನ ಖಾಲಿ ಮನೆಗೂ ಆರು. ಮಿಕ್ಕ ಚೀಟಿಗಳು ಮಿಕ್ಕ ಮನೆಗಳಿಗೆ. ಕಣ್ಣಿಗೆ ಕಾಣುವ ಲೆಕ್ಕದಲ್ಲಿ ಮೂರು ಏಳು ಬೀಳುವುದು 22 × 22 × 22, ಅಂದರೆ 10,648ರಲ್ಲಿ ಒಮ್ಮೆ. ಚೀಟಿಯ ಲೆಕ್ಕದಲ್ಲಿ 2,62,144ರಲ್ಲಿ ಒಮ್ಮೆ. ಇನ್ನೂ ಒಂದು ಸಂಗತಿ ಇದೆ, ಇದನ್ನು ನಿಧಾನವಾಗಿ ಓದಿ. ಚೀಟಿಗಳು ಸಮನಾಗಿದ್ದರೆ ಏಳರ ಚಿತ್ರ ಗೆಲುವಿನ ಗೆರೆಯ ಮೇಲೆ ಒಮ್ಮೆ ನಿಂತರೆ, ಗೆರೆಯ ತುಸು ಮೇಲೋ ಕೆಳಗೋ ಎರಡು ಸಲ ನಿಲ್ಲಬೇಕು. ಈ ಹಂಚಿಕೆಯಲ್ಲಿ ಅದು ನಿಲ್ಲುವುದು ಹನ್ನೆರಡು ಸಲ. 'ಅಯ್ಯೋ, ಸ್ವಲ್ಪದರಲ್ಲಿ ತಪ್ಪಿತು' ಎಂದು ಆಟಗಾರನಿಗೆ ಮತ್ತೆ ಮತ್ತೆ ಅನಿಸುವುದು ಇದರಿಂದಲೇ. ಸ್ವಲ್ಪದರಲ್ಲೇನೂ ತಪ್ಪಿರುವುದಿಲ್ಲ. ಬಂದ ಚೀಟಿಯೇ ಬೇರೆ.

ಜಪಾನಿನ ಯೂನಿವರ್ಸಲ್ ಕಂಪನಿ 1980ರ ದಶಕದಲ್ಲಿ ಇನ್ನೂ ಮುಂದೆ ಹೋಗಿತ್ತು. ಸೋಲು ಎಂದು ತೀರ್ಮಾನವಾದ ಮೇಲೆ, ಆ ಸೋಲನ್ನು ಗೆಲುವಿನ ಹತ್ತಿರ ಬಂದಂತೆ ತೋರಿಸುವ ಎರಡನೇ ಪ್ರೋಗ್ರಾಂ ಅದರ ಯಂತ್ರಗಳಲ್ಲಿತ್ತು. ನೆವಾಡಾದ ನಿಯಂತ್ರಕರು ಅದನ್ನು ತಡೆದರು, ಆದರೆ ಚೀಟಿಗಳ ಅಸಮ ಹಂಚಿಕೆಯನ್ನು ಒಪ್ಪಿಕೊಂಡರು. ಈ ಗೆರೆ ಎಳೆದದ್ದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ದಾರಿ ಬೇರೆಯಾದರೂ ಎರಡರಲ್ಲೂ ಕಣ್ಣಿಗೆ ಆಗುವ ಮೋಸ ಒಂದೇ.

ರಿಪೇರಿಯವರಿಗೆ ಇದರಿಂದ ಒಂದು ಅನುಕೂಲ ಆಯಿತು. ರೀಲನ್ನು ತಿರುಗಿಸುವುದು ಸ್ಟೆಪ್ಪರ್ ಮೋಟರ್. ಸಾಮಾನ್ಯವಾಗಿ ಒಂದು ಸುತ್ತಿಗೆ 200 ಹೆಜ್ಜೆ, ಹೆಜ್ಜೆಗೆ 1.8 ಡಿಗ್ರಿ. ರೀಲು ಎಲ್ಲಿದೆ ಎಂದು ಬೆಳಕಿನ ಸೆನ್ಸರ್ ನೋಡುತ್ತಿರುತ್ತದೆ. ಕೈ ತಗುಲಿಯೋ ತಂತಿ ಸಡಿಲಾಗಿಯೋ ರೀಲು ಬೇರೆಡೆ ನಿಂತರೆ ಮಷಿನ್ ಆಟ ನಿಲ್ಲಿಸಿ ಮೇಲಿನ ದೀಪ ಮಿನುಗಿಸುತ್ತದೆ. ಆಗಲೇ ಆರಿಸಿದ್ದ ಫಲಿತಾಂಶ ಅದರಿಂದ ಬದಲಾಗುವುದಿಲ್ಲ.

ಯಾರೂ ಆಡದಿದ್ದಾಗಲೂ ಸಂಖ್ಯೆಗಳ ಹೊಳೆ ಒಳಗೆ ಹರಿಯುತ್ತಲೇ ಇರುತ್ತದೆ. ಗುಂಡಿ ಒತ್ತಿದ ಗಳಿಗೆಯ ಸಂಖ್ಯೆ ನಿಮ್ಮದು. ನೀವು ಎದ್ದು ಹೋದ ಮೇಲೆ ಆ ಕುರ್ಚಿಗೆ ಬಂದವರು ಗೆದ್ದರೆ ಅದು ನಿಮ್ಮ ಜಾಕ್‌ಪಾಟ್ ಅಲ್ಲ. ನೀವೇ ಕೂತಿದ್ದರೂ ಮಿಲಿಸೆಕೆಂಡಿನ ಲೆಕ್ಕದಲ್ಲಿ ಅದೇ ಗಳಿಗೆಗೆ ಒತ್ತುತ್ತಿರಲಿಲ್ಲ. ಮಷಿನ್ 'ಬಿಸಿ'ಯಾಗುವುದೂ ಇಲ್ಲ, 'ತುಂಬಿಕೊಂಡಿರುವುದೂ' ಇಲ್ಲ. ವಾರ, ನಕ್ಷತ್ರ, ಗುಂಡಿ ಒತ್ತುವ ಬೆರಳು ಯಾವುದೂ ಅದಕ್ಕೆ ಗೊತ್ತಿಲ್ಲ. ಓದಿದವರೂ ಇದನ್ನು ನಂಬದಿರುವುದು ನನಗೆ ನಿಜವಾಗಿ ಆತಂಕ ಹುಟ್ಟಿಸುತ್ತದೆ. ಸಾಲ ಮಾಡಿ ಆಡುವವರನ್ನು ಕುರ್ಚಿಗೆ ಅಂಟಿಸುವುದು 'ಇನ್ನೇನು ಬಂತು' ಎಂಬ ಈ ನಂಬಿಕೆಯೇ.

ಇದೇ ಮೂಢನಂಬಿಕೆ ಮ್ಯಾನೇಜರುಗಳನ್ನೂ ಕಾಡುತ್ತದೆ. ಒಂದು ಮಷಿನ್ ಎರಡು ವಾರ ಸತತ ನಷ್ಟ ತಂದರೆ 'ಏನೋ ಕೆಟ್ಟಿದೆ, ಬಿಚ್ಚಿ ನೋಡಿ' ಎನ್ನುತ್ತಾರೆ. ತರಬೇತಿಯ ಗಣಿತ ಇಲ್ಲಿ ಕೆಲಸಕ್ಕೆ ಬರುತ್ತದೆ. ಪ್ರತಿ ಆಟಕ್ಕೂ ತಯಾರಕರು ಕೊಡುವ ಪಾರ್ ಶೀಟ್‌ನಲ್ಲಿ ಎರಡು ಅಂಕಿ ಮುಖ್ಯ: ಹಾಕಿದ ದುಡ್ಡಿನಲ್ಲಿ ಮಷಿನ್ ಸರಾಸರಿ ಎಷ್ಟು ಉಳಿಸಿಕೊಳ್ಳಬೇಕು ಮತ್ತು ಅದರ ಏರಿಳಿತದ ಸೂಚ್ಯಂಕ ಎಷ್ಟು. ಸೂಚ್ಯಂಕವನ್ನು ಆಟಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ, ನೂರಕ್ಕೆ ತೊಂಬತ್ತು ಸಲ ಫಲಿತಾಂಶ ಸರಾಸರಿಯ ಆಚೀಚೆ ಎಷ್ಟು ಅಗಲದ ಪಟ್ಟಿಯೊಳಗೆ ಇರುತ್ತದೆ ಎಂದು ಸಿಗುತ್ತದೆ. ಉಳಿಕೆ ಶೇ 8, ಸೂಚ್ಯಂಕ 10 ಎಂದಿಟ್ಟುಕೊಳ್ಳಿ. 10,000 ಆಟಗಳ ವರ್ಗಮೂಲ 100. 10ನ್ನು 100ರಿಂದ ಭಾಗಿಸಿದರೆ 0.1, ಅಂದರೆ ಪಟ್ಟಿ ಆಚೀಚೆ ಶೇ 10. ಅಂದರೆ ಮಷಿನ್ ಶೇ 18 ಉಳಿಸಿಕೊಂಡರೂ ಸರಿ, ಶೇ 2 ಕೈಯಿಂದ ಕಳೆದುಕೊಂಡರೂ ಸರಿ, ಅದು ಆರೋಗ್ಯವಾಗಿಯೇ ಇದೆ. 10 ಲಕ್ಷ ಆಟಗಳಾದ ಮೇಲೆ ಪಟ್ಟಿ ಶೇ 7ರಿಂದ 9ಕ್ಕೆ ಕುಗ್ಗುತ್ತದೆ. ಆಗಲೂ ಶೇ 3 ತೋರಿಸುತ್ತಿದ್ದರೆ ಟೆಕ್ನಿಷಿಯನ್‌ನ್ನು ಕರೆಯಬೇಕು.

ಆತ ನೋಡುವುದೂ ಅದೃಷ್ಟವನ್ನಲ್ಲ, ಲೆಕ್ಕದ ಸರಪಳಿಯನ್ನು. ಪೆಟ್ಟಿಗೆಯಲ್ಲಿ ಎಣಿಸಿದ ನೋಟಿಗೂ ಮಷಿನ್ನಿನ ಮೀಟರಿಗೂ ತಾಳೆಯಾಗುತ್ತದೆಯೇ? 25 ಸೆಂಟಿನ ಮಷಿನ್ನನ್ನು ಲೆಕ್ಕದ ವ್ಯವಸ್ಥೆಯಲ್ಲಿ ಯಾರಾದರೂ 1 ಸೆಂಟಿನದೆಂದು ನಮೂದಿಸಿದ್ದಾರೆಯೇ? ಚಿಪ್ಪಿನಲ್ಲಿರುವ ಪ್ರೋಗ್ರಾಮಿನ ಸಹಿಸಂಖ್ಯೆ (ಪ್ರೋಗ್ರಾಂ ತುಸು ಬದಲಾದರೂ ಬದಲಾಗುವ ಗುರುತಿನ ಸಂಖ್ಯೆ) ಅನುಮೋದಿತ ಪ್ರತಿಯದ್ದೇ?

ಕೊನೆಯ ಪ್ರಶ್ನೆಗೆ ಒಂದು ಕಹಿ ಚರಿತ್ರೆ ಇದೆ. ನೆವಾಡಾ ನಿಯಂತ್ರಣ ಮಂಡಳಿಯಲ್ಲೇ ಎಂಜಿನಿಯರ್ ಆಗಿದ್ದ ರೊನಾಲ್ಡ್ ಡೇಲ್ ಹ್ಯಾರಿಸ್ ಯಂತ್ರಗಳನ್ನು ಪರಿಶೀಲಿಸುವ ನೆಪದಲ್ಲಿ ತನ್ನ ಕೋಡನ್ನು ಅವುಗಳೊಳಗೆ ಸೇರಿಸುತ್ತಿದ್ದ. ನಾಣ್ಯಗಳನ್ನು ನಿರ್ದಿಷ್ಟ ಕ್ರಮದಲ್ಲಿ ಹಾಕಿದರೆ ಬಹುಮಾನ ಬೀಳುತ್ತಿತ್ತು. 1995ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಅವನ ಜೊತೆಗಾರ ಕೀನೊ ಎಂಬ, ಬರುವ ಸಂಖ್ಯೆಗಳನ್ನು ಊಹಿಸುವ ಆಟದಲ್ಲಿ 1 ಲಕ್ಷ ಡಾಲರ್ ಗೆದ್ದಾಗ ಇಬ್ಬರೂ ಸಿಕ್ಕಿಬಿದ್ದರು. ಆ ಆಟದಲ್ಲಿ ಸಂಖ್ಯೆಗಳನ್ನು ಹುಟ್ಟಿಸುವ ಪ್ರೋಗ್ರಾಮಿನ ಸೂತ್ರವನ್ನು ಹ್ಯಾರಿಸ್ ಭೇದಿಸಿದ್ದ.

ನಮ್ಮ ಪಕ್ಕದ ಗೋವಾದಲ್ಲಿ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಮಷಿನ್‌ಗಳಿಗೆ ದಾರಿ ಮಾಡಿಕೊಟ್ಟರು; 1996ರಲ್ಲಿ ಹಡಗುಗಳಿಗೂ ಅವಕಾಶವಾಯಿತು. ಬೆಳಗಾವಿ, ಹುಬ್ಬಳ್ಳಿ, ಕಾರವಾರದಿಂದ ಪಣಜಿಗೆ ಹೋಗಿ ಮಾಂಡೋವಿಯ ಹಡಗು ಹತ್ತುವ ಕನ್ನಡಿಗರು ಕೇಳಬೇಕಾದದ್ದು 'ಯಾವ ಮಷಿನ್ ಕೊಡುತ್ತಿದೆ' ಎಂದಲ್ಲ. ಒಂದೇ ಹೆಸರಿನ, ಒಂದೇ ಚಿತ್ರಗಳ ಆಟ ಬೇರೆ ಬೇರೆ ಮರುಪಾವತಿಯ ಪ್ರತಿಗಳಲ್ಲಿ ಮಾರಾಟಕ್ಕೆ ಬರುತ್ತದೆ. ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ನೆವಾಡಾದ ನಿಯಮ ಹಾಕಿದ ದುಡ್ಡಿನಲ್ಲಿ ಕನಿಷ್ಠ ಶೇ 75 ಆಟಗಾರರಿಗೆ ಮರಳಬೇಕೆನ್ನುತ್ತದೆ, ಆದರೆ ಪ್ರತಿ ಮಷಿನ್ನಿನ ಅಂಕಿ ಆಟಗಾರನಿಗೆ ಕಾಣುವುದಿಲ್ಲ. ಬ್ರಿಟನ್ನಿನಲ್ಲಿ ಆ ಶೇಕಡಾವಾರನ್ನು ಮಷಿನ್ನಿನಲ್ಲೇ ತೋರಿಸಬೇಕು. ಗೋವಾದ ಪ್ರತಿ ಮಷಿನ್ನಿನ ಮೇಲೂ ಆ ಅಂಕಿಯನ್ನು ಕೊಂಕಣಿ, ಮರಾಠಿ, ಕನ್ನಡ, ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿ ಅಂಟಿಸಬೇಕು, ಆಡುವವರು ಗುಂಡಿ ಒತ್ತುವ ಮೊದಲು ಅದನ್ನು ಓದಬೇಕು.