ಡಿಕ್ರಿ ಕೈಗೆ ಬಂತು, ದುಡ್ಡು ಯಾವಾಗ? ಅಮಲ್ಜಾರಿ ಟಿಪ್ಪಣಿ, ಸಂಬಳ ಜಪ್ತಿಯ ಲೆಕ್ಕದ ಸಮೇತ

ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಓದುವವರು ಅಮಲ್ಜಾರಿಯ, ಅಂದರೆ ಡಿಕ್ರಿ ಜಾರಿ ಮಾಡಿಸುವ, ಆದೇಶ 21 ಬಂದ ಕೂಡಲೇ ಪುಟ ತಿರುಗಿಸಿಬಿಡುತ್ತಾರೆ. ಅದು 106ನೇ ನಿಯಮದವರೆಗೆ ಹೋಗುತ್ತದೆ, ಮಧ್ಯೆ ಮಧ್ಯೆ 46ಎ, 48ಎ ಅಂತ ಸೇರಿಸಿದವು ಬೇರೆ. ಇಲ್ಲಿ ದುಡ್ಡಿನ ಡಿಕ್ರಿಗೆ (ಇಷ್ಟು ದುಡ್ಡು ಕೊಡಬೇಕು ಅಂತ ಆದ ಡಿಕ್ರಿಗೆ) ಬೇಕಾದಷ್ಟನ್ನು ಮಾತ್ರ ಬರೆದಿದ್ದೇನೆ. ಕೆಳಗೆ ಬರೀ ನಿಯಮ ಅಂದರೆ ಆದೇಶ 21ರದು, ಬರೀ ಕಲಂ ಅಂದರೆ ಸಿಪಿಸಿಯದು. ದಾವೆ, ತೀರ್ಪು, ಡಿಕ್ರಿ ಇವುಗಳ ವ್ಯತ್ಯಾಸ ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ. ದುಡ್ಡು ಬರಬೇಕಾದವರು ಡಿಕ್ರಿದಾರ, ಕೊಡಬೇಕಾದವರು ಜೆಡಿಆರ್ (ಜಡ್ಜ್‌ಮೆಂಟ್ ಡೆಟರ್). ಕೋರ್ಟ್ ಆವರಣದಲ್ಲಿ ಎಲ್ಲರೂ ಹೀಗೇ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಮೊದಲು ತಲೆಯಲ್ಲಿ ಕೂರಬೇಕಾದ ಮಾತು ಇದು: ಗೆದ್ದವರ ಪರವಾಗಿ ಕೋರ್ಟು ತಾನಾಗಿ ಹೋಗಿ ವಸೂಲಿ ಮಾಡುವುದಿಲ್ಲ. ಡಿಕ್ರಿದಾರ ಅಮಲ್ಜಾರಿ ಅರ್ಜಿ ಹಾಕಬೇಕು. ಜೆಡಿಆರ್ ಹತ್ತಿರ ಏನಿದೆ, ಎಲ್ಲಿದೆ, ಅದನ್ನು ಯಾವ ದಾರಿಯಲ್ಲಿ ಹಿಡಿಯಬೇಕು ಅಂತ ಅವರೇ ಹೇಳಬೇಕು. ನಿಯಮ 11ರ ಅರ್ಜಿಯ ಕೋಷ್ಟಕ ನೋಡಿ. ದಾವೆಯ ನಂಬರ್, ಪಕ್ಷಗಾರರು, ಡಿಕ್ರಿಯ ತಾರೀಕು, ಅಪೀಲು ಆಗಿದೆಯಾ, ನಡುವೆ ಏನಾದರೂ ದುಡ್ಡು ಬಂದಿದೆಯಾ, ಹಿಂದೆ ಅಮಲ್ಜಾರಿ ಹಾಕಿದ್ದರೆ ಏನಾಯಿತು, ಬಡ್ಡಿ ಖರ್ಚು ಸೇರಿ ಈಗ ಎಷ್ಟು ಬಾಕಿ, ಯಾರ ಮೇಲೆ, ಕೊನೆಯ ಅಂಕಣದಲ್ಲಿ ಕೋರ್ಟಿನ ನೆರವು ಯಾವ ರೀತಿಯಲ್ಲಿ ಬೇಕು. ಇಡೀ ಕೇಸು ನಿಂತಿರುವುದು ಆ ಕೊನೆಯ ಅಂಕಣದ ಮೇಲೆ. ಅಲ್ಲಿ ಸುಮ್ನೆ 'ಕಾನೂನು ಪ್ರಕಾರ ವಸೂಲಿ ಮಾಡಿಸಿಕೊಡಿ' ಅಂತ ಬರೆದರೆ ಯಾರೂ ಏನೂ ಮಾಡಲಾಗುವುದಿಲ್ಲ.

ಕಾಲಮಿತಿ 12 ವರ್ಷ, ಕಾಲಮಿತಿ ಕಾಯ್ದೆಯ 136ನೇ ಅನುಚ್ಛೇದ. ತಡವಾಯಿತು ಮನ್ನಿಸಿ ಅಂತ ಅದೇ ಕಾಯ್ದೆಯ 5ನೇ ಕಲಮಿನಡಿ ಕೇಳಲು ಇಲ್ಲಿ ಅವಕಾಶ ಇಲ್ಲ. ಡಿಕ್ರಿ ಆಗಿ ಎರಡು ವರ್ಷ ದಾಟಿದ ಮೇಲೆ ಅರ್ಜಿ ಹಾಕಿದರೆ ನಿಯಮ 22ರಂತೆ ಜೆಡಿಆರ್‌ಗೆ ನೋಟಿಸು ಬೇಕು. ಜೆಡಿಆರ್ ಅಪೀಲು ಹಾಕಿದ ಮಾತ್ರಕ್ಕೆ ಅಮಲ್ಜಾರಿ ನಿಲ್ಲುವುದಿಲ್ಲ, ತಡೆಯಾಜ್ಞೆ ತರಬೇಕು. ಇಷ್ಟು ಸಾಕು ಇಲ್ಲಿಗೆ.

ಆಸ್ತಿ ಏನಿದೆ ಅಂತ ಗೊತ್ತೇ ಇಲ್ಲದಿದ್ದರೆ?

ಇದಕ್ಕೆ ನನಗೆ ಬಹಳ ಇಷ್ಟವಾದ ನಿಯಮ 41 ಇದೆ. ಡಿಕ್ರಿ ಆಗಿ 30 ದಿನವಾದರೂ ದುಡ್ಡು ಬಂದಿಲ್ಲ ಅಂದರೆ, ಜೆಡಿಆರ್ ತನ್ನ ಆಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ (ಅಫಿಡವಿಟ್) ಕೊಡಬೇಕು ಅಂತ ಆದೇಶ ಕೇಳಬಹುದು. ಆದೇಶ ಮೀರಿದರೆ ಮೂರು ತಿಂಗಳವರೆಗೆ ಸಿವಿಲ್ ಜೈಲಿಗೆ ಕಳಿಸುವ ಅಧಿಕಾರ ಕೋರ್ಟಿಗಿದೆ. ಇದನ್ನು ಅರ್ಜಿಯ ಜೊತೆಗೇ ಕೇಳಿಬಿಡುವುದು ಒಳ್ಳೆಯದು. ಪಹಣಿ, ಋಣಭಾರ ಪತ್ರ ಇವನ್ನು ನಾವೇ ತೆಗೆಸಬಹುದು ನಿಜ, ಆದರೆ ಯಾವ ಊರಿನ ಯಾವ ಸರ್ವೆ ನಂಬರ್ ಅಂತ ಗೊತ್ತಿದ್ದರೆ ತಾನೇ? ಬ್ಯಾಂಕ್ ಖಾತೆ ಅಂತೂ ಹೊರಗಿನವರಿಗೆ ಕಾಣುವುದೇ ಇಲ್ಲ. ಜೆಡಿಆರ್ ಬಾಯಿಂದಲೇ ಹೇಳಿಸುವ ದಾರಿ ಇದೊಂದೇ.

ಸಂಬಳ ಜಪ್ತಿ: ಕಲಂ 60 ಮತ್ತು ನಿಯಮ 48, 48ಎ

ಈ ಭಾಗ ಉದ್ದವಾಗುತ್ತದೆ, ಬೇಕೆಂದೇ ಹಾಗೆ ಬರೆದಿದ್ದೇನೆ. ನನಗೆ ಜಾಸ್ತಿ ಹೊತ್ತು ಹಿಡಿದದ್ದು ಇದೇ. 'ಮೊದಲ ಒಂದು ಸಾವಿರ ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗಕ್ಕೆ ವಿನಾಯಿತಿ' ಅಂತ ಕಲಂ ಹೇಳುತ್ತದೆ. ಕಲಂ ಹೇಳುವುದು ಮುಟ್ಟಬಾರದ ಭಾಗವನ್ನು, ನಮಗೆ ಬೇಕಾದದ್ದು ಮುಟ್ಟಬಹುದಾದ ಭಾಗ. ಅದಕ್ಕೇ ಗೊಂದಲ. ಲೆಕ್ಕ ಹಾಕಿಯೇ ನೋಡೋಣ.

ಜೆಡಿಆರ್ ಸಂಬಳ ತಿಂಗಳಿಗೆ 43,000 ಅಂದುಕೊಳ್ಳಿ. ಮೊದಲ 1,000 ಬಿಡಿ, 42,000 ಉಳಿಯಿತು. ಅದರ ಮೂರನೇ ಎರಡು ಭಾಗ 28,000, ಅದನ್ನೂ ಮುಟ್ಟುವಂತಿಲ್ಲ. ಜಪ್ತಿಗೆ ಸಿಗುವುದು 14,000. ಜೆಡಿಆರ್ ಮನೆಗೆ 29,000 ಹೋಗುತ್ತದೆ. ಸುಲಭವಾಗಿ ನೆನಪಿಡಲು: ಸಾವಿರ ಕಳೆ, ಮೂರರಿಂದ ಭಾಗಿಸು, ಬಂದದ್ದು ಡಿಕ್ರಿದಾರನಿಗೆ. ಹಳೆಯ ಪುಸ್ತಕದಲ್ಲಿ ಸಾವಿರದ ಬದಲು 400 ಅಂತ ಇದ್ದರೆ ಅದು 1999ರ ತಿದ್ದುಪಡಿಗೆ ಮುಂಚಿನದು. ಇನ್ನೊಂದು, ಸಂಬಳ ಅಂದರೆ ಇಲ್ಲಿ ತಿಂಗಳ ಒಟ್ಟು ಸಂಬಳ, ಸರ್ಕಾರ ಅಧಿಸೂಚನೆಯಲ್ಲಿ ವಿನಾಯಿತಿ ಕೊಟ್ಟ ಭತ್ಯೆಗಳನ್ನು ಬಿಟ್ಟು. ಸೊಸೈಟಿ ಸಾಲದ ಕಂತು, ಬೈಕಿನ ಇಎಂಐ ಎಲ್ಲ ಕಳೆದು ಕೈಗೆ ಬರುವ ಮೊತ್ತ ಅಲ್ಲ. ಜೀವನಾಂಶದ ಡಿಕ್ರಿಗೆ ಲೆಕ್ಕವೇ ಬೇರೆ, ಇಲ್ಲಿಗೆ ಅದನ್ನು ಸೇರಿಸಬೇಡಿ.

ಈಗ 24 ತಿಂಗಳ ವಿಷಯ. ಒಂದೇ ಡಿಕ್ರಿಗೆ ಸಂಬಳ ಒಟ್ಟು 24 ತಿಂಗಳು ಜಪ್ತಿಯಲ್ಲಿದ್ದರೆ ಮುಗಿಯಿತು, ಆ ಡಿಕ್ರಿಗೆ ಆ ಸಂಬಳ ಮತ್ತೆಂದೂ ಸಿಗುವುದಿಲ್ಲ. ನಡುವೆ ಬಿಟ್ಟು ಬಿಟ್ಟು ಆಗಿದ್ದರೂ ತಿಂಗಳುಗಳನ್ನು ಕೂಡಿಸಿಯೇ ಲೆಕ್ಕ. ಹಾಗಾದರೆ '12 ತಿಂಗಳು ಬಿಟ್ಟು ಮತ್ತೆ' ಅಂತ ಕಲಂನಲ್ಲಿ ಇರುವುದು ಯಾರಿಗೆ? ಬೇರೆ ಡಿಕ್ರಿದಾರರಿಗೆ. ಒಬ್ಬರ ಡಿಕ್ರಿಗೆ 24 ತಿಂಗಳು ಹಿಡಿದಾದ ಮೇಲೆ ಜೆಡಿಆರ್‌ಗೆ 12 ತಿಂಗಳು ಉಸಿರು ಬಿಡಲು ಸಮಯ ಸಿಗುತ್ತದೆ, ಆಮೇಲೆ ಇನ್ನೊಬ್ಬರು ತಮ್ಮ ಡಿಕ್ರಿಗೆ ಶುರು ಮಾಡಬಹುದು. ಮೊದಲಿನವರು ಮಾತ್ರ ಸಂಬಳದ ಕಡೆ ತಿರುಗಿ ನೋಡುವಂತಿಲ್ಲ. ಕಲಂನಲ್ಲಿ ಇವೆರಡೂ ಒಂದೇ ಉದ್ದನೆಯ ವಾಕ್ಯದೊಳಗೆ ಇವೆ, ಓದುವಾಗ ಬಿಡಿಸಿಕೊಂಡು ಓದಿ.

ಮೇಲಿನ ಲೆಕ್ಕದಲ್ಲಿ 14,000ವನ್ನು 24ರಿಂದ ಗುಣಿಸಿದರೆ 3,36,000. ಡಿಕ್ರಿ 6 ಲಕ್ಷದ್ದಾಗಿದ್ದರೆ? ಉಳಿದದ್ದಕ್ಕೆ ಬೇರೆ ದಾರಿ ಹುಡುಕಲೇಬೇಕು. ಜೊತೆಗೆ ಡಿಕ್ರಿಯಲ್ಲಿ ವರ್ಷಕ್ಕೆ 6 ಪರ್ಸೆಂಟ್ ಬಡ್ಡಿ ಇದ್ದರೆ 6 ಲಕ್ಷಕ್ಕೆ ತಿಂಗಳಿಗೆ 3,000 ಬೆಳೆಯುತ್ತಲೂ ಇರುತ್ತದೆ. ಸಂಬಳ ಜಪ್ತಿ ಆಯಿತು, ಇನ್ನು ನಿಶ್ಚಿಂತೆ ಅಂತ ಕೂರಬಾರದು ಅನ್ನುವುದು ಇದಕ್ಕೇ.

ಯಾವ ಕೋರ್ಟು ಅನ್ನುವುದು ಇನ್ನೊಂದು ತೊಡಕು. ಕಲಂ 39(4) ಪ್ರಕಾರ ತನ್ನ ವ್ಯಾಪ್ತಿಯ ಹೊರಗಿರುವ ವ್ಯಕ್ತಿ ಅಥವಾ ಆಸ್ತಿಯ ಮೇಲೆ ಕೋರ್ಟು ಅಮಲ್ಜಾರಿ ಮಾಡುವಂತಿಲ್ಲ. ಡಿಕ್ರಿ ಬೆಂಗಳೂರಿನದು, ಜೆಡಿಆರ್ ಸೈಟು ತುಮಕೂರಿನಲ್ಲಿ ಅಂದರೆ ಡಿಕ್ರಿಯನ್ನು ಅಲ್ಲಿನ ಕೋರ್ಟಿಗೆ ವರ್ಗ ಮಾಡಿಸಬೇಕು. ಡಿಕ್ರಿಯ ಪ್ರತಿ, ಎಷ್ಟು ವಸೂಲಿ ಬಾಕಿ ಇದೆ ಎಂಬ ಸರ್ಟಿಫಿಕೇಟು ಜೊತೆಯಲ್ಲಿ ಹೋಗುತ್ತವೆ. ಆದರೆ ಸರ್ಕಾರಿ ನೌಕರರ ಸಂಬಳಕ್ಕೆ ಈ ತಾಪತ್ರಯ ಇಲ್ಲ. ಜೆಡಿಆರ್ ಹಾಸನದಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರು ಅಂತಿಟ್ಟುಕೊಳ್ಳಿ, ನಿಯಮ 48ರಡಿ ಬೆಂಗಳೂರಿನ ಕೋರ್ಟೇ ಅಲ್ಲಿನ ಡಿಡಿಒಗೆ (ಸಂಬಳ ಬಟವಾಡೆ ಮಾಡುವ ಅಧಿಕಾರಿಗೆ) ನೇರವಾಗಿ ಆದೇಶ ಕಳಿಸಬಹುದು. 39(4) ಬಂದ ಮೇಲೂ ನಿಯಮ 48ಕ್ಕೆ ಧಕ್ಕೆ ಇಲ್ಲ ಅಂತ 2005ರ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಖಾಸಗಿ ನೌಕರಿಗೆ 48ಎ, ಅಲ್ಲಿ ಸಂಬಳ ಬಟವಾಡೆ ಮಾಡುವವರು ಕೋರ್ಟಿನ ವ್ಯಾಪ್ತಿಯೊಳಗೇ ಇರಬೇಕು. ಇಲ್ಲಿ ಗಮನಿಸಿ, ಎಲ್ಲಿರಬೇಕು ಅಂತ ನೋಡುವುದು ಬಟವಾಡೆ ಮಾಡುವವರನ್ನು, ನೌಕರನನ್ನಲ್ಲ. ಆದೇಶ ತಲುಪಿದ ಮೇಲೂ ಆಫೀಸಿನವರು ಪೂರ್ತಿ ಸಂಬಳ ಜೆಡಿಆರ್ ಕೈಗೇ ಕೊಟ್ಟರೆ, ಆ ಮೊತ್ತಕ್ಕೆ ಸಂಬಳ ಕೊಡುವವರೇ ಹೊಣೆ.

ಮಿಕ್ಕ ದಾರಿಗಳು

ಮನೆ ಸಾಮಾನಿನ ಜಪ್ತಿಯಿಂದ ದೊಡ್ಡ ಮೊತ್ತ ಬರುವುದು ಕಷ್ಟ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಹೆಂಗಸರ ತಾಳಿ, ಕಸುಬುದಾರರ ಸಲಕರಣೆ, ರೈತರ ಎತ್ತು, ಬಿತ್ತನೆ ಬೀಜ ಇವನ್ನು ಕಲಂ 60 ಕಾಪಾಡುತ್ತದೆ. ಕಾಪಾಡಲೇಬೇಕು ಕೂಡ, ದುಡಿಯುವ ಸಲಕರಣೆ ಕಿತ್ತುಕೊಂಡರೆ ಸಾಲ ತೀರುವುದಾದರೂ ಎಲ್ಲಿಂದ? ಪಿಎಫ್, ಸರ್ಕಾರಿ ಪಿಂಚಣಿ ಕೂಡ ಸಿಗುವುದಿಲ್ಲ. ಬ್ಯಾಂಕ್ ಖಾತೆಯಲ್ಲಿನ ದುಡ್ಡಿಗೆ, ಮೂರನೆಯವರಿಂದ ಜೆಡಿಆರ್‌ಗೆ ಬರಬೇಕಾದ ಬಾಕಿಗೆ ನಿಯಮ 46ಎ ಗಾರ್ನಿಷಿ ನೋಟಿಸು ಬಳಸಿ, ಅಂದರೆ ಜೆಡಿಆರ್‌ಗೆ ದುಡ್ಡು ಕೊಡಬೇಕಾದ ಬ್ಯಾಂಕಿಗೋ ಮೂರನೆಯವರಿಗೋ ಅದನ್ನು ಕೋರ್ಟಿಗೆ ಕಟ್ಟಿ ಅಂತ ಕೊಡುವ ನೋಟಿಸು.

ಜಮೀನು, ಸೈಟು ಆದರೆ ನಿಯಮ 54ರ ಜಪ್ತಿ, ಆಮೇಲೆ ಹರಾಜು. ಡಿಕ್ರಿ ತೀರಲು ಎಷ್ಟು ಬೇಕೋ ಅಷ್ಟನ್ನೇ ಮಾರಬೇಕು, ನಿಯಮ 64. ಹರಾಜಿನಲ್ಲಿ ಕೊಂಡವರು ಕೂಡಲೇ 25 ಪರ್ಸೆಂಟ್, ಬಾಕಿಯನ್ನು 15 ದಿನದೊಳಗೆ ಕಟ್ಟಬೇಕು. ಹರಾಜು ಆದ ಮೇಲೂ ಜೆಡಿಆರ್‌ಗೆ ಆಸ್ತಿ ಉಳಿಸಿಕೊಳ್ಳಲು 60 ದಿನ ಇದೆ: ನಿಯಮ 89, ಡಿಕ್ರಿದಾರನ ಬಾಕಿ ಜೊತೆಗೆ ಕೊಂಡವರಿಗೆ ಹರಾಜು ಬೆಲೆಯ ಮೇಲೆ 5 ಪರ್ಸೆಂಟ್ ಕಟ್ಟಬೇಕು.

'ಜೈಲಿಗೆ ಹಾಕ್ಸಿ' ಅನ್ನುವುದು ಡಿಕ್ರಿದಾರರ ಮೊದಲ ಮಾತು. ನನ್ನ ಪ್ರಕಾರ ಅದು ಕೊನೆಯ ದಾರಿ ಆಗಬೇಕು. ದುಡ್ಡಿಲ್ಲ ಅನ್ನುವ ಒಂದೇ ಕಾರಣಕ್ಕೆ ಬಂಧಿಸುವಂತಿಲ್ಲ, ಕೊಡಲು ಶಕ್ತಿ ಇದ್ದೂ ಕೊಡದ ಕೆಟ್ಟ ಮನಸ್ಸು ತೋರಿಸಬೇಕು ಅಂತ 1980ರ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದಿದ್ದಾರೆ. ದುಡ್ಡಿನ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಉಳಿದವರಿಗೂ ಹೆಚ್ಚೆಂದರೆ ಮೂರು ತಿಂಗಳು, ಊಟದ ಭತ್ಯೆ ಡಿಕ್ರಿದಾರನೇ ಕಟ್ಟಬೇಕು. ಬಿಡುಗಡೆ ಆದ ಮೇಲೂ ಸಾಲ ಹಾಗೇ ಇರುತ್ತದೆ, ಅದೇ ಡಿಕ್ರಿಗೆ ಮತ್ತೆ ಬಂಧಿಸುವಂತಿಲ್ಲ.

ಅಮಲ್ಜಾರಿಯನ್ನು ಆರು ತಿಂಗಳಲ್ಲಿ ಮುಗಿಸಬೇಕು, ಆಗದಿದ್ದರೆ ಕಾರಣ ಬರೆಯಬೇಕು ಅಂತ 2021ರಲ್ಲಿ ರಾಹುಲ್ ಎಸ್. ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅದು ಬೆಂಗಳೂರಿನ ಆಸ್ತಿಯ ವ್ಯಾಜ್ಯ. ಕೋರ್ಟು ಸುಮ್ಮನೆ ತಾರೀಕು ಮುಂದೂಡುತ್ತಿದ್ದರೆ ಇದನ್ನು ತೋರಿಸಿ.

ಜೆಡಿಆರ್ ಪರ ಓದುವವರಿಗೆ ನಿಯಮ 2. ಕೋರ್ಟಿನ ಹೊರಗೆ ದುಡ್ಡು ಕೊಟ್ಟರೆ ಅದನ್ನು ಕೋರ್ಟಿನಲ್ಲಿ ದಾಖಲಿಸಬೇಕು, ದಾಖಲಾಗದ ಪಾವತಿಯನ್ನು ಅಮಲ್ಜಾರಿ ಕೋರ್ಟು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಡಿಕ್ರಿದಾರ ತಾನಾಗಿ ತಿಳಿಸದಿದ್ದರೆ ಜೆಡಿಆರ್ ಅರ್ಜಿ ಹಾಕಬೇಕು, ಅದಕ್ಕೆ ಇರುವುದು ಕೊಟ್ಟ ದಿನದಿಂದ 30 ದಿನ ಮಾತ್ರ.