ಯುದ್ಧವಿಲ್ಲದೆ ಬೇರೆಯಾದ ನಾರ್ವೆ: 1905ರ ಕತೆ

1905ರ ಜೂನ್ 7ರಂದು ನಾರ್ವೆಯ ಸಂಸತ್ತು ಸ್ಟೋರ್ಟಿಂಗ್ ಒಂದು ಪುಟ್ಟ ನಿರ್ಣಯ ಮಾಡಿತು. ಸ್ವೀಡನ್ ಜೊತೆಗಿನ 91 ವರ್ಷದ ನಂಟು ಅಲ್ಲಿಗೆ ಮುಗಿಯಿತು. ಆದರೆ ಅದರಲ್ಲಿ ‘ನಾವು ಬೇರೆಯಾಗುತ್ತೇವೆ’ ಎಂಬ ಘೋಷಣೆಯೇ ಇಲ್ಲ. ಎರಡೂ ದೇಶಗಳನ್ನು ಆಳುವ ದೊರೆಗೆ ನಾರ್ವೆಯಲ್ಲಿ ಹೊಸ ಸರ್ಕಾರ ರಚಿಸಲು ಆಗಿಲ್ಲ, ಹಾಗಾಗಿ ಅವರ ರಾಜಾಧಿಕಾರ ನಿಂತುಹೋಗಿದೆ, ಒಬ್ಬನೇ ರಾಜನ ಕೆಳಗಿನ ಒಕ್ಕೂಟವೂ ಅದರೊಂದಿಗೆ ಹೋಯಿತು. ಇಷ್ಟೇ ವಾದ. ಒಂದು ದೇಶದ ಬಿಡುಗಡೆ ವಾಕ್ಯದ ನಡುವೆ ಬಂದುಹೋಗುತ್ತದೆ! ಎಷ್ಟು ಜಾಣತನ, ಎಷ್ಟು ಎಚ್ಚರ ಅಲ್ವಾ?

ಇದರ ಬೇರು 1814ರಲ್ಲಿದೆ. ನೆಪೋಲಿಯನ್ ಕಾಲದ ಯುದ್ಧದಲ್ಲಿ ಸೋತ ಡೆನ್ಮಾರ್ಕ್ ತನ್ನ ಕೈಯಲ್ಲಿದ್ದ ನಾರ್ವೆಯನ್ನು ಸ್ವೀಡನ್‌ಗೆ ಬಿಟ್ಟುಕೊಟ್ಟಿತು. ನಾರ್ವೆಯವರನ್ನು ಯಾರೂ ಕೇಳಲಿಲ್ಲ. ಅವರು ಆಯ್ಡ್ಸ್‌ವೊಲ್ ಎಂಬಲ್ಲಿ ಸೇರಿ ಮೇ 17ರಂದು ತಮ್ಮದೇ ಸಂವಿಧಾನ ಮಾಡಿಕೊಂಡರು. ಬೇಸಿಗೆಯಲ್ಲಿ ಸಣ್ಣ ಯುದ್ಧ ನಡೆಯಿತು. ಕೊನೆಗೆ ಸಂವಿಧಾನ, ಸಂಸತ್ತು ಉಳಿದವು. ಆದರೆ ರಾಜ ಒಬ್ಬನೇ, ವಿದೇಶಾಂಗ ವ್ಯವಹಾರ ಸ್ವೀಡನ್ ಕೈಯಲ್ಲಿ.

ಜಗಳ ಹುಟ್ಟಿದ್ದು ಇಲ್ಲೇ. ನಾರ್ವೆ ಹಡಗುಗಳ ದೇಶ. ಹಡಗು ದೂರದ ಬಂದರಿನಲ್ಲಿ ತೊಂದರೆಗೆ ಸಿಕ್ಕರೆ, ನಾವಿಕರಿಗೆ ಕಷ್ಟ ಬಂದರೆ ನೋಡಿಕೊಳ್ಳುವವರು ಕಾನ್ಸಲ್‌ಗಳು, ಅಂದರೆ ಹೊರದೇಶದ ಊರುಗಳಲ್ಲಿರುವ ಸರ್ಕಾರದ ಪ್ರತಿನಿಧಿಗಳು. ನಮಗೆ ನಮ್ಮದೇ ಕಾನ್ಸಲ್‌ಗಳು ಬೇಕು ಎಂದು ನಾರ್ವೆ ವರ್ಷಗಟ್ಟಲೆ ಕೇಳಿತು. 1905ರ ಮೇ ತಿಂಗಳಲ್ಲಿ ಸ್ಟೋರ್ಟಿಂಗ್ ಅದಕ್ಕೆ ಕಾನೂನನ್ನೇ ಮಾಡಿತು. ದೊರೆ ಎರಡನೇ ಆಸ್ಕರ್ ಒಪ್ಪಿಗೆ ಕೊಡಲಿಲ್ಲ. ಬರ್ಗೆನ್‌ನ ಹಡಗು ಮಾಲೀಕ, ಪ್ರಧಾನಿ ಕ್ರಿಶ್ಚಿಯನ್ ಮಿಕೆಲ್ಸೆನ್ ಅವರ ಇಡೀ ಸರ್ಕಾರ ರಾಜೀನಾಮೆ ಕೊಟ್ಟಿತು. ಈಗ ಬೇರೆ ಸರ್ಕಾರ ರಚಿಸಲು ಆಗದು ಎಂದು ದೊರೆ ರಾಜೀನಾಮೆಯನ್ನು ತೆಗೆದುಕೊಳ್ಳಲಿಲ್ಲ. ಜೂನ್ 7ರ ನಿರ್ಣಯ ಹಿಡಿದದ್ದು ಆ ಮಾತನ್ನೇ.

ಜನ ಏನು ಹೇಳುತ್ತಾರೆ ಎಂದು ಗೊತ್ತಾಗಲಿ ಎಂಬುದು ಸ್ವೀಡನ್ ಪಟ್ಟು. ಆಗಸ್ಟ್ 13ರಂದು ಮತದಾನ ನಡೆಯಿತು. ಬೇರೆಯಾಗಲು 3,68,208 ಮತ. ವಿರುದ್ಧ ಬರೀ 184.

ಹೆಂಗಸರಿಗೆ ಮಾತ್ರ ಮತ ಹಾಕಲು ಬಿಡಲಿಲ್ಲ. ನನಗೆ ಈ ವರ್ಷದಲ್ಲಿ ತುಂಬಾ ಇಷ್ಟವಾಗುವುದು ಅವರು ಆಗ ಮಾಡಿದ ಕೆಲಸ. ಫ್ರೆಡ್ರಿಕೆ ಮರೀ ಕ್ವಾಮ್ ಅವರ ಮುಂದಾಳತ್ವದ ಮತಾಧಿಕಾರ ಸಂಘಟನೆ ಸುಮ್ನೆ ಕೂರಲಿಲ್ಲ, ಬೇರೆಯಾಗುವುದನ್ನು ಬೆಂಬಲಿಸಿ ಸಹಿ ಸಂಗ್ರಹಕ್ಕೆ ಇಳಿಯಿತು. ಕೆಲವೇ ವಾರಗಳಲ್ಲಿ 2 ಲಕ್ಷದ 40 ಸಾವಿರಕ್ಕೂ ಜಾಸ್ತಿ ಹೆಂಗಸರ ಸಹಿ ಸ್ಟೋರ್ಟಿಂಗ್‌ಗೆ ತಲುಪಿತು. ಫೋನಿಲ್ಲದ ಹಳ್ಳಿಗಳು, ಬೆಟ್ಟ, ಕಡಲ ಕವಲುಗಳ ನಾಡು ಅದು. ಯೋಚಿಸಿ ನೋಡಿ.

ಇನ್ನೂ ಅಪಾಯ ಕಳೆದಿರಲಿಲ್ಲ. ಸ್ವೀಡನ್‌ನ ಕಾರ್ಲ್‌ಸ್ಟಾಡ್ ಊರಿನಲ್ಲಿ ಎರಡೂ ದೇಶಗಳ ಮಾತುಕತೆ ನಡೆಯುತ್ತಿದ್ದಾಗ ಗಡಿಯ ಎರಡೂ ಕಡೆ ಸೈನಿಕರು ಸಜ್ಜಾಗಿದ್ದರು. ಸೆಪ್ಟೆಂಬರ್ 23ರಂದು ಒಪ್ಪಂದವಾಯಿತು. ಗಡಿಯಲ್ಲಿ ಹೊಸದಾಗಿ ಕಟ್ಟಿದ್ದ ಕೋಟೆಗಳನ್ನು ನಾರ್ವೆ ಕೆಡವಬೇಕಾಯಿತು. ಅದು ಹಲವರಿಗೆ ಅವಮಾನವೆನಿಸಿತು. ಆದರೂ ಒಂದು ಯುದ್ಧ ತಪ್ಪಿತು. ಅಕ್ಟೋಬರ್ 26ರಂದು ಆಸ್ಕರ್ ನಾರ್ವೆಯ ಕಿರೀಟ ಬಿಟ್ಟುಕೊಟ್ಟರು.

ಮುಂದೆ ರಾಜನೋ, ಗಣರಾಜ್ಯವೋ? ನವೆಂಬರ್‌ನಲ್ಲಿ ಮತ್ತೊಂದು ಮತದಾನ. ಸುಮಾರು ನೂರಕ್ಕೆ 79 ಮಂದಿ ರಾಜನನ್ನು ಬಯಸಿದರು. ರಾಜನಾಗಲು ಕರೆ ಬಂದಿದ್ದ ಡೆನ್ಮಾರ್ಕ್‌ನ ರಾಜಕುಮಾರ ಕಾರ್ಲ್, ಜನರನ್ನು ಕೇಳದೆ ಬರಲಾರೆ ಎಂದು ಮೊದಲೇ ಹೇಳಿದ್ದರು. ಅವರು ಹೋಕನ್ ಎಂಬ ಹಳೆಯ ನಾರ್ವೆ ಹೆಸರು ಇಟ್ಟುಕೊಂಡು ಏಳನೇ ಹೋಕನ್ ಆದರು. ಎರಡು ವರ್ಷದ ಮಗ ಅಲೆಕ್ಸಾಂಡರ್ ಈಗ ಓಲಾವ್. ನವೆಂಬರ್ 25ರಂದು, ಇಂದಿನ ಓಸ್ಲೋ ಆಗಿರುವ ಕ್ರಿಸ್ತಿಯಾನಿಯಾಕ್ಕೆ ಬಂದಾಗ ಹೊಸ ರಾಜ ಆ ಮಗುವನ್ನು ಎತ್ತಿಕೊಂಡಿದ್ದರು. ಎದುರುಗೊಂಡವರು ಮಿಕೆಲ್ಸೆನ್.

ಸಹಿ ಹಾಕಿದ ಹೆಂಗಸರಿಗೆ ಈ ಎರಡನೇ ಮತದಾನದಲ್ಲೂ ಜಾಗವಿರಲಿಲ್ಲ. ಗಂಡಸರಿಗೆ ಸಮನಾಗಿ ಎಲ್ಲ ಹೆಂಗಸರಿಗೂ ಸ್ಟೋರ್ಟಿಂಗ್ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಸಿಕ್ಕಿದ್ದು 1913ರಲ್ಲಿ.